ನಮ್ಮ ಬೂತಿನ ಒಂದು ಓಟು

...ನಗಬೇಡ ಅಂದ್ನಲ್ಲೋ ಜಹೀರ್! ಮೊದಲು ಆ ಟೀ ಕೆಳಗಿಡು, ನೆತ್ತಿಗೆ ಹತ್ತುತ್ತೆ. ಕೋವಿಡ್ ಮುಗಿಸಿ ನಿನ್ನೆಯಷ್ಟೇ ಹೊರಗೆ ಬಂದಿದೀಯ. ಈಗ ಇಲ್ಲಿ ಕೂತು ಕೆಮ್ಮಿದ್ರೆ ಪಕ್ಕದ ಮನೆ ಮೀಕೆ ಗೋಡೆ ಆಚೆಯಿಂದಲೇ ಟೆಸ್ಟ್ ಕಿಟ್ ಎಸೀತಾಳೆ.

ಹೌದು, ಒಂದು. ಒಂದೇ ಒಂದು! ನಮ್ಮ ಬೂತಲ್ಲಿ, ಆ ಸ್ಕೂಲಿನ ಜಿಮ್ ಹಾಲಲ್ಲಿ, ಯತಿರಾಜ್ ಅನ್ನೋ ನನ್ನ ಹೆಸರಿನ ಮುಂದೆ ಒಂದು ಓಟು. ಇಲ್ನೋಡು, ನಮ್ಮ ಪುರಸಭೆ, ಈ ಗೆಮೇಂಟೆ ವೆಬ್‌ಸೈಟಲ್ಲೇ ಹಾಕಿದಾರೆ. ಬೂತ್ ಬೂತಿಗೂ, ಹೆಸರು ಹೆಸರಿಗೂ. ಈ ಡಚ್ಚರಿಗೆ ಮುಚ್ಚಿಡೋದು ಅಂದ್ರೆ ಏನು ಅಂತಲೇ ಗೊತ್ತಿಲ್ಲ ಕಣೋ. ಮನೆ ಕಿಟಕಿಗೆ ಪರದೆ ಹಾಕಲ್ಲ, ಸೋತವನ ಮಾನಕ್ಕೂ ಹಾಕಲ್ಲ!

ಏನು? ಯಾರದು ಅಂತಾನಾ? ನಿಂದೇ ಕಣಪ್ಪಾ ಮತ್ತೆ! ನೀನು ಜ್ವರ ಬಂದು ಮಲಗಿದ್ದೆ, ಓಟಿನ ಕಾರ್ಡಿನ ಹಿಂದೆ ಸಹಿ ಹಾಕಿ ಬಾಗಿಲಿನ ಸಂದಿಯಿಂದ ತಳ್ಳಿದೆ, "ನಂದೂ ನೀನೇ ಹಾಕಿ ಬಾರೋ" ಅಂದೆ. ನಾನು ಹೋಗಿ... ಹ್ಞೂಂ... ಹೋಗಿ ಬಂದೆ. ಅಲ್ಲ, ಚುನಾವಣೆಗೆ ನಿಂತವನ ಕೈಗೇ ಓಟು ಕೊಟ್ಟು ಕಳಿಸೋದು! ನಮ್ಮೂರಾಗಿದ್ರೆ ಇಬ್ಬರನ್ನೂ ಜೀಪ್ ಹತ್ತಿಸ್ತಿದ್ರು. ಇಲ್ಲಿ ಬೂತಲ್ಲಿ ಕೂತಿದ್ದ ಅಜ್ಜಿ ನಿನ್ನ ಐಡಿ ಫೋಟೋ ನೋಡಿದ್ಲು, ಮಾಸ್ಕ್ ಒಳಗೇ ನಕ್ಕಳು, ಎರಡು ಕಾಗದ ಕೊಟ್ಟು ಕಳಿಸಿದ್ಲು. ಕಾಗದ ಅಂದ್ರೆ ಎಂಥದು ಅಂತೀಯ! ಪಂಚೆ ಕಣೋ, ಪಂಚೆ. ಬಿಡಿಸಿದ್ರೆ ಎರಡು ಕೈ ಸಾಲಲ್ಲ.

ಎದೆ ಉಬ್ಬಿಸಬೇಡ, ಸಾಕು. ಒಂದು ಓಟಿಗೆ ಇಷ್ಟು ಜಂಬನಾ?

ನನ್ನ ಹೊಟ್ಟೆ ಉರೀತಿರೋದು ಬೇರೆಯವರ ಮೇಲೆ. ಎಲ್ಲಿ ಹೋದ್ರೋ ನಮ್ಮವರು? ಕನ್ನಡದವರ ವಾಟ್ಸಾಪ್ ಗುಂಪಲ್ಲಿ ನಾನು ನಿಲ್ತೀನಿ ಅಂದ ದಿನ ಎಷ್ಟು ಚಪ್ಪಾಳೆ, ಎಷ್ಟು ಹಾರ! ಝೂಮಲ್ಲಿ ಭಾಷಣ ಮಾಡಿದೆ. ನಮ್ಮನೆಯವಳು ಸರಳಾ ಪಕ್ಕದಲ್ಲಿ ಕೂತು ಸ್ಲೈಡ್ ತಿರುಗಿಸಿದ್ಲು. ಎಲ್ಲರೂ "ಸಾರ್, ಸೂಪರ್ ಸಾರ್" ಅಂದ್ರು. ಆಮೇಲೆ ಗೊತ್ತಾಗಿದ್ದೇನು? ಮುಕ್ಕಾಲು ಪಾಲು ಜನ ಆಮ್ಸ್ಟರ್‌ಡ್ಯಾಮ್‌ನವರು! ಬೇರೆ ಗೆಮೇಂಟೆ, ಇಲ್ಲಿ ಅವರಿಗೆ ಓಟೇ ಇಲ್ಲ. ಹೆಚ್ಚು ಕುಣಿದಾಡಿದ್ದು ಶ್ರಾವ್ಯ. ಅವಳು ಓದ್ತಿರೋದು ಮಾಸ್ಟ್ರಿಕ್ಟ್‌ನಲ್ಲಿ! ಅಲ್ಲಿಂದ ಇಲ್ಲಿಗೆ ಬರೋದಕ್ಕಿಂತ ಬೆಲ್ಜಿಯಂಗೆ ಹೋಗೋದು ಹತ್ತಿರ.

ನಗು, ನಗು. ನೀನಾದ್ರೂ ಒಂದು ಮಾತು ಹೇಳಬಾರದಿತ್ತಾ?

ಅದು ಬಿಡು, ನರಹರಿ! ಇದೇ ಬಾಡ್‌ಹೂವೆಡೋರ್ಪ್ ಊರು, ಇದೇ ಬೀದಿ. ಸಂಕ್ರಾಂತಿಗೆ ಬಂದು ಇದೇ ಕುರ್ಚಿಯಲ್ಲಿ ಕೂತು ಬಿಸಿಬೇಳೆ ಬಾತ್ ಮೂರು ಸಲ ಹಾಕಿಸ್ಕೊಂಡ. "ಯತೀ, ನನ್ನ ಓಟು ನಿನ್ನ ಜೇಬಲ್ಲಿದೆ ಅಂದ್ಕೋ" ಅಂದ. ನಿನ್ನೆ ಸಿಕ್ಕಿದ್ನಲ್ಲ, ಕೇಳಿದೆ. "ಅಯ್ಯೋ, ಓಟು ಆಗಲೇ ಮುಗೀತಾ?" ಅಂತಾನೆ! ಕೋವಿಡ್ ಅಂತ ಮೂರು ದಿನ ಬೂತ್ ತೆರೆದಿಟ್ಟಿದ್ರು ಕಣೋ, ಮೂರು ದಿನ! ಮಾತು ಕೊಟ್ಟಮೇಲೆ ಉಳಿಸ್ಕೋಬೇಕು. ಆಗಲ್ಲ ಅಂದ್ರೆ ಆಗಲ್ಲ ಅನ್ಬೇಕು. ಸ್ನೇಹಿತ ಅಂತ ನಂಬಿಸಿ ಹಿಂಗಾ ಮಾಡೋದು?

ನೀನೊಬ್ಬ ಕಣೋ. ಬೇರೆ ಯಾರೂ ಬೇಡ. ನಾನು ನಿಲ್ಲಬೇಕಂದ್ರೆ ಇಷ್ಟು ಜನ ಬೆಂಬಲಕ್ಕೆ ಸಹಿ ಹಾಕಬೇಕು, ಅದೂ ಖುದ್ದಾಗಿ ಹೂಫ್ಡೋರ್ಪ್‌ನ ಗೆಮೇಂಟೆ ಆಫೀಸಿಗೇ ಹೋಗಿ ಅಂದಾಗ, ಮಳೆಯಲ್ಲಿ ಸೈಕಲ್ ತುಳ್ಕೊಂಡು ಮೊದಲು ಹೋದವನು ನೀನು. ನನಗೆ ಮರೆತಿಲ್ಲ.

...ಗೊತ್ತು, ಗೊತ್ತು, ನನಗೋಸ್ಕರ ಅಲ್ಲ, ನಿನ್ನ ಹೆಂಡತಿ ರಿಮ್ಷಾಗೋಸ್ಕರ. ಅದೇ ಅಲ್ವೇನೋ ನಾನು ನಿಂತಿದ್ದೂ? ಪಾರ್ಟಿ ಇಲ್ಲ, ಚಿಹ್ನೆ ಇಲ್ಲ, ಪಟ್ಟಿಯ ಮೇಲೆ ಪಕ್ಷದ ಹೆಸರಿರೋ ಜಾಗ ಖಾಲಿ. ನಂದು ಇದ್ದಿದ್ದೇ ಒಂದು ಮಾತು: ಆ ಕಾಲುವೆ ಪಕ್ಕದ ಸೈಕಲ್ ದಾರಿಗೆ ದೀಪ ಹಾಕಿ. ಹುಡುಗಿ ಏರ್‌ಪೋರ್ಟಲ್ಲಿ ಡ್ಯೂಟಿ ಮುಗಿಸಿ ದಿನಾ ಆ ಕತ್ತಲಲ್ಲೇ ಬರ್ಬೇಕು. ಒಂದ್ಸಲ ಬಿದ್ದು ಕೈ ಮುರ್ಕೊಂಡಾಯ್ತು. ಈಗಲೂ ನೀನು ಕಿಟಕಿ ಹತ್ರ ನಿಂತ್ಕೊಂಡೇ ಕಾಯ್ತೀಯ ಅಲ್ವಾ? ಅವಳು ಬರೋ ತನಕ ಊಟ ಮಾಡಲ್ಲ, ಗೊತ್ತು ನನಗೆ. ಸರಳಾ ಹೇಳಿದಾಳೆ.

ಇರಲಿ ಬಿಡೋ. ಮುಂದಿನ ಸಲ ನೋಡೋಣ.

ಏನು?

ನನ್ನದಾ? ನನ್ನ ಓಟಾ?

ನೀನೂ ಸರಿಯಾದ ಜಾಗಕ್ಕೇ ಕೈ ಹಾಕ್ತೀಯ ನೋಡು. ಒಂದು ನಿಂದಾದ್ರೆ ನಂದೆಲ್ಲಿ ಅಂತ... ಹೇಳ್ತೀನಿ. ನಗಬಾರದು. ಸರಳಾಗೆ ಹೇಳಬಾರದು. ಅವಳಿಗೂ ರಿಮ್ಷಾಗೂ ಬಂದು ಐದು ವರ್ಷ ಆಗಿಲ್ಲ ಅಂತ ಓಟಿಲ್ಲ. ಓಟಿರೋ ಗಂಡ ಹಿಂಗೆ ಮಾಡ್ದ ಅಂದ್ರೆ ನನ್ನನ್ನ ಮನೆಯಿಂದಲೇ ಓಡಿಸ್ತಾಳೆ.

ನಾನು ನನಗೆ ಹಾಕ್ಕೊಂಡಿಲ್ಲ.

ಲೋ! ಟೀ ಚೆಲ್ತು ನೋಡು! ನಗಬೇಡ ಅಂದ್ರೆ... ತಗೋ, ಟಿಶ್ಯೂ ತಗೋ.

ದಾಕ್ಷಿಣ್ಯ ಕಣೋ! ಆ ಪರದೆ ಹಿಂದೆ ನಿಂತು, ಕೆಂಪು ಪೆನ್ಸಿಲ್ ಹಿಡ್ಕೊಂಡು, ನನ್ನ ಹೆಸರಿಗೆ ನಾನೇ... ಛೆ! ಪಂಕ್ತಿಯಲ್ಲಿ ನಾನೇ ಬಡಿಸ್ಕೊಂಡು ನಾನೇ ಮೊದಲು ಉಂಡಂಗೆ. ನಮ್ಮಮ್ಮ ನೋಡಿದ್ರೆ ಏನಂತಿದ್ಲು? ಅದೂ ಅಲ್ಲದೆ ಮೀಕೆ ಇದ್ಲಲ್ಲ.

ಹ್ಞಾಂ, ಅದೇ ಮೀಕೆ. ಅವಳೂ ನಿಂತಿದ್ಲು, ಅವರ ಪಾರ್ಟಿ ಪಟ್ಟಿಯಲ್ಲಿ ಎಲ್ಲೋ ಕೆಳಗೆ. ಹೌದಪ್ಪಾ, ದೀಪ ಬೇಡ ಅನ್ನೋ ಪಾರ್ಟಿಯೇ! ದೀಪ ಹಾಕಿದ್ರೆ ಬಾವಲಿಗೆ ದಾರಿ ತಪ್ಪುತ್ತಂತೆ. ಮನುಷ್ಯರು ಬಿದ್ರೆ ಪರವಾಗಿಲ್ಲ, ಬಾವಲಿ ಬೀಳಬಾರದು! ಆದ್ರೆ ಹೆಂಗಸು ಒಳ್ಳೆಯವಳು ಕಣೋ. ನಮಗೆಲ್ಲ ಕೋವಿಡ್ ಆದಾಗ ದಿನಾ ಬಾಗಿಲಲ್ಲಿ ಬಟಾಣಿ ಸೂಪ್ ಇಟ್ಟು ಹೋಗ್ತಿದ್ಲು. ಮೊದಲ ದಿನ ಮಾಂಸದ್ದು ಇಟ್ಟು, ನಾವು ತಿನ್ನಲ್ಲ ಅಂತ ಗೊತ್ತಾದ ಮೇಲೆ ಮಾರನೇ ದಿನದಿಂದ ಬೇರೆ ಪಾತ್ರೆಯಲ್ಲೇ ಮಾಡಿದ್ಲು. ಓಟಿಗೆ ಇಬ್ಬರೂ ಒಟ್ಟಿಗೇ ನಡ್ಕೊಂಡು ಹೋದ್ವಿ. ದಾರಿಯಲ್ಲಿ ಅಂದ್ಲು, "ನಮ್ಮ ಪಾರ್ಟಿಗೆ ಬೇಕಾದಷ್ಟು ಬೀಳುತ್ತೆ, ನಿನಗೆ ಯಾರಿದಾರೆ? ನನ್ನ ಓಟು ನಿನಗೆ" ಅಂತ. ಅಷ್ಟು ಅಂದಮೇಲೆ ನಾನು ಸುಮ್ಮನಿರೋಕಾಗುತ್ತಾ? "ಹಂಗಾದ್ರೆ ನಂದು ನಿನಗೆ" ಅಂದ್ಬಿಟ್ಟೆ. ಬಾಯಿಂದ ಬಂದುಹೋಯ್ತು.

ಅಯ್ಯೋ, ಅವಳೇನು ಟೋಪಿ ಹಾಕಿಲ್ಲ! ಪಾಪ, ಹಂಗೆಲ್ಲ ಅನ್ಬೇಡ. ಡಚ್ಚರು ನರಹರಿ ಥರ ಅಲ್ಲ, ಹೇಳಿದ್ರೆ ಹೇಳಿದಂಗೆ. ನಂಬಲ್ವಾ? ಇರು. ಇಲ್ಲೇ ಫೋನಲ್ಲಿದೆ, ಓಟಿನ ಕಾಗದ ಹಿಡ್ಕೊಂಡು ಸೆಲ್ಫೀ ತೆಗೆದು ಕಳಿಸಿದಾಳೆ. ಇಲ್ಲಿ ಅದಕ್ಕೆಲ್ಲ ಅಡ್ಡಿಯಿಲ್ಲ. ನೋಡು, ದೊಡ್ಡದು ಮಾಡಿ ನೋಡು! ಕೆಂಪು ಯಾರ ಹೆಸರಿನ ಪಕ್ಕ ಇದೆ? ಓದು. ಯತಿರಾಜ್! ಹೆಹ್ಹೆ... ಈಗೇನಂತೀಯ?

ಹೌದು, ನಮ್ಮ ಜಿಮ್ ಹಾಲೇ. ಹಿಂದೆ ಗೋಡೆಗೆ ಏಣಿ ಕಾಣಲ್ವಾ. ನನ್ನ ಕಣ್ಮುಂದೆಯೇ ಮಡಚಿ ಪೆಟ್ಟಿಗೆಗೆ ಹಾಕಿದ್ಲು.

...

ಯಾಕೋ?

ಯಾಕೋ ಜಹೀರ್, ನಗು ಎಲ್ಲಿ ಹೋಯ್ತು?

ಮತ್ತೆ ಯಾಕೆ ಆ ವೆಬ್‌ಸೈಟ್ ತೆಗೀತೀಯ... ಅಷ್ಟೇ ಕಣೋ, ಎಷ್ಟು ಸಲ ತೆಗೆದ್ರೂ ಒಂದೇ ಇರೋದು... ಅಂದ್ರೆ, ಇಲ್ಲ, ಎಣಿಸೋರೂ ಮನುಷ್ಯರೇ ಅಲ್ವಾ? ಅಷ್ಟು ದೊಡ್ಡ ಕಾಗದ, ಎಲ್ಲರ ಕೈಗೂ ಸ್ಯಾನಿಟೈಸರ್, ಒಂದಕ್ಕೊಂದು ಅಂಟ್ಕೊಂಡು... ಆಗಬಾರದು ಅಂತೇನಿಲ್ಲ. ದೂರು ಕೊಡೋಣ ಬೇಕಾದ್ರೆ...

ಹಂಗೆ ನೋಡಬೇಡ ಕಣೋ.

ಕಾಗದ ನಿಂದು, ಒಪ್ತೀನಿ. ಆದ್ರೆ ಪೆನ್ಸಿಲ್ ಹಿಡಿದ ಕೈ ನನ್ನದೇ ಅಲ್ವೇನೋ? ನನ್ನ ಹೆಸರಿನ ತನಕ ಹೋಯ್ತು. ನಿಜವಾಗ್ಲೂ ಹೋಯ್ತು. ಅಲ್ಲಿಗೆ ಹೋಗಿ... ಹೆಂಗೂ ನಮ್ಮವರೆಲ್ಲ ಹಾಕ್ತಾರೆ, ಇದೊಂದರಿಂದ ಏನಾಗುತ್ತೆ ಅಂತ... ಪಕ್ಕದ ಪರದೆ ಹಿಂದೆ ಮೀಕೆ ಯತಿರಾಜ್, ಯತಿರಾಜ್ ಅಂತ ನನ್ನ ಹೆಸರು ಹುಡುಕ್ತಿದ್ಲು ಕಣೋ, ಕೇಳಿಸ್ತಿತ್ತು...

ಎರಡೂ ಅವಳಿಗೇ ಹಾಕಿದೆ.

ಜಹೀರ್.

ರಿಮ್ಷಾಗೆ ಏನು ಹೇಳ್ತೀಯ?

ಜಾಕೆಟ್ ಯಾಕೋ ಹಾಕ್ಕೋತೀಯ, ಕೂತ್ಕೋ. ಬೇರೆ ಟೀ ಮಾಡ್ತೀನಿ. ಬೈಯೋ ಮಾರಾಯ! ನರಹರಿಗೆ ನಾನು ಬೈದೆನಲ್ಲ, ಅದನ್ನೇ ನನಗೆ ಬೈ. ಕನ್ನಡದಲ್ಲಿ ಬೇಡ ಅಂದ್ರೆ ನಿಮ್ಮ ಮನೆ ಮಾತಲ್ಲೇ ಬೈ, ಅರ್ಥ ಆಗುತ್ತೆ ನನಗೆ. ಏನಾದ್ರೂ ಅಂದು ಹೋಗೋ... ನೀನು ಏನಾದ್ರೂ ಅಂದ್ರೆ ತಾನೇ ನಾನು ತಪ್ಪಾಯ್ತು ಅನ್ನೋದು...