ಹದಿಮೂರನೆಯ ದಿನದ ಅಡುಗೆ

ವಾಡಿ ಸ್ಟೇಷನ್ನಿನ ಬೆಂಚಿನಲ್ಲಿ ನನ್ನ ಪಕ್ಕ ಪ್ರಮಿತಾ, ಸಾಯಿರಾ ಎಂಬ ಇಬ್ಬರು ಹೆಂಗಸರು ಮಾತಾಡುತ್ತ ಕುಳಿತಿದ್ದರು. ಪ್ರಮಿತಾ ಬಿಡಿಸಿದ ಚಿತ್ರಗಳನ್ನು ಶಹಾಬಾದಿನ ತನ್ನ ಇಂಟರ್ನೆಟ್ ಅಂಗಡಿಯಿಂದ ಲೋಕಕ್ಕೆ ಕಳಿಸುತ್ತಿದ್ದವಳು ಸಾಯಿರಾ. ಈಗ ಅವು ಅಚ್ಚಾಗಿ, ಪುಸ್ತಕವಾಗಿ ಪ್ರಮಿತಾಳ ತೊಡೆಯ ಮೇಲಿದ್ದವು.

"ಮೊದಲ್ನೇ ಪುಟಕ್ಕ ಇದನ್ನ ಹಾಕ್ಯಾರ ನೋಡು. ಸತ್ತ ಸೊಸಿ ಎದ್ದು ಬಂದು ತನ್ನ ಹದಿಮೂರನೇ ದಿನದ ಅಡಿಗಿ ತಾನೇ ಮಾಡಾಕತ್ತಾಳ."

"ನಿಮ್ಮ ಅತ್ತಿಯವ್ರು ನೋಡಿದ್ರೇನ್ರಿ ಅಕ್ಕಾ?"

"ನೋಡಿ ಭಾಳ ನಕ್ಕರು."

"ಸಿಟ್ಟಿಗೇಳಲಿಲ್ಲ?"

"ಇಲ್ಲ. ಈಕಿ ಮಡಿ ಸೀರಿ ಉಟ್ಟಿಲ್ಲ, ಈ ಅಡಿಗಿ ಯಾರೂ ಉಣ್ಣಂಗಿಲ್ಲ ಅಂದ್ರು. ಐತವಾರ ಮನ್ಯಾಗೇ ಪುಸ್ತಕದ ಬಿಡುಗಡಿ ಇಟ್ಟಾರ. ನಲವತ್ತು ಮಂದಿ ಊಟಕ್ಕ."

"ಅಡಿಗಿ ಮಾಡೋರನ್ನ ಕರಸ್ರಿ."

"ಹೊರಗಿನವ್ರ ಕೈಯಾಗಿಂದು ಅತ್ತಿ ಉಣ್ಣಂಗಿಲ್ಲ. ನಾನೇ ಮಡೀಲೆ ಮಾಡಬೇಕು."

"ಮತ್ತ ನೀವು ಮಂದಿ ನಡುವ ಯಾವಾಗ ಕುಂದ್ರತೀರಿ?"

"ಮಡಿಯಾಗಿದ್ದಾಕಿ ಮಂದಿನ್ನ ಮುಟ್ಟಂಗಿಲ್ಲಲ್ಲ. ಪುಸ್ತಕ ಅತ್ತೀನೇ ಹಂಚ್ತಾರ."

ಗಾಡಿ ಬಂತು. ಸಾಯಿರಾ ಎದ್ದು ಬುರ್ಖಾ ಸರಿಮಾಡಿಕೊಂಡಳು.

"ಐತವಾರ ನಾ ಬರ್ಲೇನ್ರಿ ಅಕ್ಕಾ?"

"ಬಾ. ಹಿತ್ತಲ ಕಡಿ ಅಡಿಗಿಮನಿ ಕಿಟಕಿ ಐತಿ, ಅಲ್ಲಿ ನಿಂದ್ರು. ನಾ ಅಲ್ಲಿಂದ ಅಷ್ಟೇ ಕಾಣ್ತೀನಿ."

ಪುಸ್ತಕವನ್ನು ಸಾಯಿರಾಳ ಕೈಗಿಟ್ಟು ಪ್ರಮಿತಾ ಗಾಡಿ ಹತ್ತಿದಳು.