ಕೊಬ್ಬರಿ ಅಟ್ಟದ ಬೂಷ್ಟು

ಬೂಷ್ಟಾ? ಅಯ್ಯೋ ಶಿವನೇ, ಅದುನ್ನ ನೋಡೋಕೆ ಬೆಂಗಳೂರಿಂದ ಜೀಪ್ ಮಾಡ್ಕೊಂಡು ಬಂದ್ರಾ ಡಾಕ್ಟ್ರಮ್ಮ? ನಮ್ಮ ತಿಪಟೂರು ಸೀಮೇಲಿ ಯಾವ ಅಟ್ಟ ಹತ್ತಿದ್ರೂ ಸಿಗುತ್ತೆ ಕಣ್ರೀ! ಬಿಳೀದು ಬೇಕಾ, ಹಸ್ರು ಬೇಕಾ, ಕರೀದು ಬೇಕಾ... ಯಾಕೆ ನಗ್ತೀರಾ? ಇರೋದು ಹೇಳ್ದೆ. ಕೂತ್ಕೊಳ್ಳಿ, ಚಾಪೆ ಮೇಲೆ ಕೂತ್ಕೊಳ್ಳಿ. ಈ ಚಿಕ್ಕಗೌರಮ್ಮನ ಮನೇಗೆ ಬಂದು ಕಾಫಿ ಕುಡೀದೆ ಹೋದೋರು ಯಾರೂ ಇಲ್ಲ. ಲೇ ಸಿದ್ದಗಂಗೀ, ಡಾಕ್ಟ್ರಮ್ಮನಿಗೆ ಕಾಫಿ ಇಡೇ! ನನ್ನ ಮಗಳು. ಬರೋ ಸೋಮ್ವಾರ ಮದ್ವೆ ಅವಳ್ದು. ನೋಡಿದ್ರಲ್ಲ, ಚಪ್ಪರದ ಗಳ ಬಂದು ಬಿದ್ದಿದಾವೆ.

ಅದಿರ್ಲಿ, ಆ ಗಾಜಿನ ತಟ್ಟೆಗಳ್ನ ಮುಚ್ಚಳ ತೆಗ್ದು ಯಾಕೆ ನಮ್ಮ ಅಟ್ಟದಲ್ಲಿಟ್ಟು ಬಂದ್ರಿ?... ಗಾಳೀಲಿರೋ ಬೂಷ್ಟಿನ ಬೀಜ ಅದ್ರಲ್ಲಿ ಬಿದ್ದು ಮೊಳೀತಾವಾ? ಮೊಳೀಲಿ ಬುಡಿ. ಇಲಿ ಬಂದು ನೆಕ್ಕದೆ ಇದ್ರೆ ಸರಿ. ತಳದಲ್ಲಿ ಗಂಜಿ ಥರ ಏನೋ ಬಳಿದಿದೀರಿ, ನಮ್ಮನೆ ಇಲಿಗಳಿಗೆ ನಾಚ್ಕೆ ಮಾನ ಒಂದೂ ಇಲ್ಲ.

ಹೂಂ, ಹುಚ್ಚರಂಗಯ್ಯ ನಮ್ಮನೇಲೇ ಕಾಯಿ ಸುಲಿಯೋನು. ಕಾಯಿ ವರ್ಷಗಟ್ಲೆ ಅಟ್ಟದಲ್ಲಿ ಒಣಗಿ ಒಳಗೆ ಕೊಬ್ಬರಿ ಲೊಟಲೊಟ ಅನ್ನಬೇಕು, ಆಮೇಲೇ ಕೆಳಗಿಳಿಸೋದು. ಇಳಿಸೋದು ಅವ್ನು, ಸುಲಿಯೋದು ಅವ್ನು, ಅಷ್ಟು ಧೂಳೂ ಕುಡಿಯೋದು ಅವ್ನು. ಮೂಗು ಕಟ್ತು ಅಂದ, ನೆಗಡಿ ಅಂದ್ಕೊಂಡ್ವಿ. ಕೆನ್ನೆ ಊದ್ತು ಅಂದ, ಹಲ್ಲುನೋವು ಅಂದ್ಕೊಂಡ್ವಿ. ಕಣ್ಣೂ ಮಂಜಾಯ್ತು ಅಂದ, ಯಾರ್ದೋ ದೃಷ್ಟಿ ತಗುಲ್ತು ಅಂತ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ್ವಿ. ಊರೆಲ್ಲಾ ಕೆಮ್ತು, ಅವ್ನ ಕಣ್ಣು ಮಾತ್ರ ನೆಟ್ಟಗಾಗ್ಲಿಲ್ಲ! ನಿಮ್ಮ ಆಸ್ಪತ್ರೇಲಿ ನೋಡಿದ್ರೆ, ಮೂಗಿಗೆ ಹೋದ ಬೂಷ್ಟು ಮೂಳೆ ಕೊರ್ಕೊಂಡು ಕಣ್ಣಿನ ಹಿಂದಕ್ಕೆ ಹೋಗಿ ಕೂತಿತ್ತಂತಲ್ಲ... ಒಂದು ಕಣ್ಣು ತೆಗ್ದು ಜೀವ ಉಳಿಸಿದ್ರಿ. ಪುಣ್ಯ ಬರ್ಲಿ ನಿಮಗೆ. ಆದ್ರೆ ಈಗ ಅವ್ನ ಠೀವಿ ನೋಡ್ಬೇಕು ನೀವು! ಕಪ್ಪು ಕನ್ನಡಕ ಹಾಕ್ಕೊಂಡು ಹೋಟ್ಲು ಮುಂದೆ ಕಾಲ್ಮೇಲೆ ಕಾಲು ಹಾಕ್ಕೊಂಡು ಕೂತ್ಕೊತಾನೆ. ನಾನು ಹೋದ್ರೆ ಎದ್ದೂ ನಿಲ್ಲಲ್ಲ. ಯಾಕ್ಲಾ ಅಂದ್ರೆ, ‘ಅಮ್ಮಾವ್ರೇ, ಈ ಕಡೆಯಿಂದ ಬಂದ್ರೆ ಕಾಣಲ್ಲ’ ಅಂತಾನೆ, ಕಳ್ಳ ನನ್ಮಗ!

ಅಲ್ಲ, ನಂದೊಂದು ಪ್ರಶ್ನೆ. ಈ ಧೂಳು ಊರಿಗೆಲ್ಲಾ ಒಂದೇ ಅಲ್ವಾ? ನಾನಂತೂ ಮದ್ವೆಯಾಗಿ ಬಂದಾಗಿಂದ ಮೂಸ್ತಾ ಇದೀನಿ. ಕರಟ ಬಿಡ್ಸಿದೇಟ್ಗೆ ಕೊಬ್ಬರೀನ ಮೂಗಿಗೆ ಹಿಡ್ದು, ಒಳ್ಳೇದಾ ಕೆಟ್ಟದ್ದಾ ಅಂತ ಹೇಳೋಳು ಇಡೀ ಊರಿಗೆ ನಾನೊಬ್ಳೇ. ಬೂಷ್ಟಿದ್ರೆ ಉಫ್ ಅಂತ ಊದಿ, ಸೆರಗಲ್ಲಿ ಒರೆಸಿ ಅತ್ಲಾಗೆ ಇಡ್ತೀನಿ... ಯಾಕೆ ಹಣೆ ಚಚ್ಕೊಂತೀರಾ? ಊದ್ದೆ ಇದ್ರೆ ಹೋಗುತ್ತಾ ಅದು? ಮತ್ತೆ ಅವ್ನೊಬ್ಬನಿಗೇ ಯಾಕೆ ಬಂತು?

...ಓಹೋ. ಬೀಜ ಎಲ್ಲರ ಮೂಗಿಗೂ ಹೋಗುತ್ತೆ, ಬೇರು ಬಿಡೋದು ಕೆಲವ್ರಲ್ಲಿ ಮಾತ್ರ ಅನ್ನಿ. ಸಕ್ಕರೆ ಕಾಯಿಲೆ ಏರಿ ಮೈಯಲ್ಲಿ ಕಸುವು ಇಲ್ದೋರಲ್ಲಿ... ಹುಚ್ಚರಂಗಯ್ಯಂಗೆ ಸಕ್ಕರೆ ಕಾಯಿಲೆ ಇತ್ತಾ! ಅವ್ನಿಗೇ ಗೊತ್ತಿರ್ಲಿಲ್ವಾ? ಥೂ! ಅದುನ್ನ ಹುಡುಕ್ಕೊಂಡು ಈಗ ಮನೆಮನೆ ಸುತ್ತುತಾ ಇದೀರಾ, ಯಾರ ಮನೇಲಿ ಅಟ್ಟ ಇದೆ, ಯಾರಿಗೆ ಸಕ್ಕರೆ ಇದೆ ಅಂತ? ನಮ್ಮನೇಲಿ ಯಾರಿಗೂ ಇಲ್ಲ ಬುಡಿ. ಸಕ್ಕರೇನೇ ತರಲ್ಲ ನಾವು! ಕಾಫಿಗೆ ಬೆಲ್ಲ, ಪಾಯಸಕ್ಕೆ ಬೆಲ್ಲ, ಸಾರಿಗೂ ಒಂಚೂರು ಬೆಲ್ಲ. ಬರೀ ಬೆಲ್ಲ ತಿನ್ನೋರಿಗೆ ಸಕ್ಕರೆ ಕಾಯಿಲೆ ಎಲ್ಲಿಂದ ಬರುತ್ತೆ, ನೀವೇ ಹೇಳಿ... ಮತ್ತೆ ನಗ್ತೀರಾ?

ಇರಿ, ಒಂದು ಚೊಂಬು ನೀರು ಕುಡಿಯೋಣ. ಹ್ಞಾ... ಸೆಖೆ ಕಣ್ರೀ. ಇದು ಮೂರ್ನೇ ಚೊಂಬಾ? ನೀವು ಅದೂ ಲೆಕ್ಕ ಇಟ್ಟಿದೀರಾ! ಮದ್ವೆ ಮನೆ ಓಡಾಟ, ಬಾಯಾರುತ್ತೆ. ಅದಕ್ಕೇ ಆಗಾಗ ಬಚ್ಚಲಿಗೂ ಹೋಗ್ಬೇಕಾಗುತ್ತೆ, ಇನ್ನೇನಿಲ್ಲ. ಬಚ್ಚಲ ಕಲ್ಲಿಗೆ ಇರುವೆ ಮುತ್ತಿದ್ದಾವೆ ಅಂದ್ರಾ? ಅದು... ಅದು ಬೆಲ್ಲದ ಪಾತ್ರೆ ತೊಳೆದಿದ್ವಿ ಅಲ್ಲಿ. ಅಬ್ಬಬ್ಬ, ಅಟ್ಟ ನೋಡೋಕೆ ಬಂದೋರು ಬಚ್ಚಲೂ ನೋಡ್ಬಿಟ್ರಲ್ಲ ತಾಯಿ!

ಕೆನ್ನೆಗೆ ಸೆರಗು ಯಾಕಾ? ಹಲ್ಲುನೋವು. ಲವಂಗ ಇಟ್ಟಿದೀನಿ... ಹಂಗ್ಯಾಕೆ ನೋಡ್ತೀರಾ? ಹಲ್ಲು ಅಂದ್ರೆ ಹಲ್ಲು! ಹುಚ್ಚರಂಗಯ್ಯಂದು ಬೇರೆ, ನಂದು ಬೇರೆ. ಸೆರಗು ತೆಗೀರಿ ಅಂದ್ರೆ? ತೆಗೆಯಲ್ಲ. ಊದ್ಕೊಂಡಿರೋ ಮುಖ ಪರಸ್ಥಳದೋರಿಗೆ ಏನು ತೋರ್ಸೋದು.

ಮೆತ್ತಗೆ ಮಾತಾಡಿ, ಒಳಗೆ ಹುಡುಗಿ ಇದಾಳೆ... ನೋಡಿ, ನಿಮ್ಮ ಹತ್ರ ಹೇಳ್ತೀನಿ. ಬೀಗರು ಶೆಟ್ಟಿಕೆರೆ ಸದಾಶಿವಯ್ಯನೋರು. ಗಂಡು ಬಂಗಾರದಂಥದ್ದು. ಆದ್ರೆ ಗಂಡಿನ ಅಪ್ಪಂಗೆ ರೋಗ ಅಂದ್ರೆ ಒಂದು ಮೈಲಿ ದೂರ ಓಡೋ ಬುದ್ಧಿ. ಅಮ್ಮಸಂದ್ರದಲ್ಲಿ ಹೆಣ್ಣು ನೋಡೋಕೆ ಹೋದಾಗ ಹೆಣ್ಣಿನ ಅಜ್ಜಿ ಎರಡು ಸಲ ಕೆಮ್ಮಿದ್ಲು ಅಂತ, ಉಪ್ಪಿಟ್ಟು ಅರ್ಧಕ್ಕೇ ಬಿಟ್ಟು ಎದ್ದು ಬಂದ್ನಂತೆ! ನಮ್ಮನೇಗೆ ಬಂದಾಗ ನಮ್ಮ ಯಜಮಾನ್ರಿಗೆ ಸೀನು ಬಂತು. ನಾನು ಅವ್ರ ಮೂಗು ಹಿಡ್ಕೊಂಡು ಹಿತ್ಲಿಗೆ ಎಳ್ಕೊಂಡು ಹೋದೆ ಕಣ್ರೀ... ನಗಿ, ನಗಿ. ನೀವು ನಕ್ರೆ ಚಂದ. ಆದ್ರೆ ಇಂಥ ಬೀಗರು ಮದ್ವೆ ಮುರ್ದು ಹೋದ್ರೆ ನನ್ನ ಮಗಳ ಗತಿ ಏನು? ‘ತಾಯಿಗೆ ಬೂಷ್ಟು ರೋಗವಂತೆ’ ಅಂತ ಒಂದು ಮಾತು ಶೆಟ್ಟಿಕೆರೆ ಬಸ್ಸು ಹತ್ತಿದ್ರೆ ಮುಗೀತು. ಅದಕ್ಕೇ ನಮ್ಮನೇಲಿ ಯಾರಿಗೂ ಏನೂ ಇಲ್ಲ ಅಂತ ಬರ್ಕೊಳ್ಳಿ. ಬರ್ಕೊಂಡ್ರಾ?

ಡಾಕ್ಟ್ರಮ್ಮ? ಎಲ್ಲಿದೀರಾ?... ಎದ್ದು ಹೋದ್ರಾ? ಕಾಫಿ ಬರ್ತಾ ಇದೆ... ಡಾಕ್ಟ್ರಮ್ಮ!

ಅಯ್ಯೋ, ಇಲ್ಲೇ ಇದೀರಲ್ಲ! ನನ್ನ ಎಡಗಡೆಗೆ ಯಾವಾಗ ಬಂದ್ರಿ? ಕೈ ಯಾಕೆ ಹಿಂಗೆ ನನ್ನ ಮುಖದ ಹತ್ರ ಎತ್ತಿ ಹಿಡ್ಕೊಂಡಿದೀರಾ?... ಎಷ್ಟೊತ್ತಿಂದ? ಕಂಡಿತ್ತು, ಕಂಡಿತ್ತು! ಮಾತಾಡ್ತಾ ಇದ್ದೆ, ಅದಕ್ಕೇ ತಿರುಗ್ಲಿಲ್ಲ. ಎರಡು ಬೆರಳು, ನೋಡಿ... ಬಲಗಣ್ಣು ಯಾಕೆ ಮುಚ್ತೀರಾ? ಅಯ್ಯ, ಮುಚ್ಚಿ, ನಂಗೇನು! ಹೇಳ್ತೀನಿ. ಮೂರು... ಅಲ್ವಾ? ನಾಲ್ಕು. ಹೂಂ, ನಾಲ್ಕೇ... ಏನಾರ ಅನ್ನಿ. ಸರಿ ಅನ್ನಿ, ತಪ್ಪು ಅನ್ನಿ. ಡಾಕ್ಟ್ರಮ್ಮ... ಕೈನೇ ಎತ್ತಿಲ್ವಾ ನೀವು?

...

ಮೊನ್ನೆಯಿಂದ. ಮೊದ್ಲು ಮಂಜಿತ್ತು, ಈಗ ಅದೂ ಇಲ್ಲ. ಬೆಲ್ಲದ ಮಾತು ಸುಳ್ಳು ಕಣವ್ವ. ಸಕ್ಕರೆ ಕಾಯಿಲೆ ಅಂತ ತಿಪಟೂರು ಡಾಕ್ಟ್ರು ಹೇಳಿ ವರ್ಷ ಆಯ್ತು. ಮಾತ್ರೆ ನುಂಗೋದು ಯಾರಾದ್ರೂ ಕಂಡ್ರೆ ಅಂತ ನುಂಗ್ಲೇ ಇಲ್ಲ. ಸೋಮ್ವಾರ ಧಾರೆ ಆಗೋಗ್ಲಿ ತಾಯಿ, ಮಂಗಳವಾರ ನಾನೇ ಬತ್ತೀನಿ ನಿಮ್ಮ ಆಸ್ಪತ್ರೆಗೆ. ಆಣೆ ಮಾಡ್ತೀನಿ. ಮಂಗಳವಾರದವರ್ಗೆ ತಡ್ಕೊಳುತ್ತೆ ಅಲ್ವಾ? ಅಲ್ವಾ?... ನೀವು ಬಯ್ದಿದ್ರೆ ಬಾಯಿಗೆ ಬಾಯಿ ಕೊಡ್ತಿದ್ದೆ ಕಣವ್ವ. ಹಿಂಗೆ ತಲೆ ಅಲ್ಲಾಡಿಸಿ ನನ್ನ ಕೈ ಹಿಡ್ಕೊಂಡ್ರೆ ಹೆದ್ರಿಕೆ ಆಗುತ್ತೆ ನಂಗೆ... ಕಣ್ಣು ಹೋದ್ರೂ ಹೋಗ್ಲಿ, ಮಗಳ ಧಾರೆ ನೋಡೋಕೆ ಇನ್ನೊಂದು ಇದೆ ಅಂದ್ಕೊಂಡಿದ್ದೆ. ಜೀವನೇ ಹೋಗುತ್ತಾ?

...

ಲೇ ಸಿದ್ದಗಂಗೀ! ನಿನ್ನ ಧಾರೆ ಸೀರೆ ಅಂಚು ನಂಗ್ಯಾಕೋ ಸರಿ ಕಾಣ್ತಿಲ್ಲ. ಡಾಕ್ಟ್ರಮ್ಮನ ಜೀಪಲ್ಲೇ ಬೆಂಗಳೂರಿಗೆ ಹೋಗಿ ಬದಲಾಯಿಸ್ಕೊಂಡು ಬತ್ತೀನಿ... ಚೆನ್ನಾಗಿದೆ ಅಂತೀಯಾ? ನಿಂಗೇನೇ ಗೊತ್ತು, ಎಳೇ ಹುಡುಗಿ! ನಿಮ್ಮಪ್ಪಂಗೆ ಹೇಳು, ಚಪ್ಪರದ ಕೆಲ್ಸ ನಿಲ್ಲಿಸ್ಬೇಡ ಅನ್ನು.

ನಡೀರಿ ಡಾಕ್ಟ್ರಮ್ಮ. ಅವಳು ಆಚೆ ಬರೋದ್ರೊಳಗೆ ನಡೀರಿ. ಹಾಂ... ಈ ಎಡಗೈ ಹಿಡ್ಕೊಳ್ಳಿ, ಜಗುಲಿ ಮೆಟ್ಲು ಎಲ್ಲಿದೆ ಅಂತ ಗೊತ್ತಾಗಲ್ಲ ನಂಗೆ.