ಲೊರೆಥಾಳ ಕಾದಂಬರಿ ಸಿಗಲಿಲ್ಲ

ಡೆಟ್ರಾಯಿಟ್‌ನ ಬಸ್ ನಿಲ್ದಾಣದಲ್ಲಿ ಬಸ್ಸಿಗೆ ಕಾಯುತ್ತಿದ್ದ ವರ್ಲೀನ್‌ಳ ಪಕ್ಕ ಅಕ್ಕತಂಗಿಯರಿಬ್ಬರು ನಿಂತಿದ್ದರು. ಅಕ್ಕನಿಗೆ ನಗು ತಡೆಯಲಾಗುತ್ತಿರಲಿಲ್ಲ.

“ಲೈಬ್ರರೀಲಿ ನಿನ್ನ ಕಾದಂಬರಿದು ಒಂದು ಪ್ರತೀನೂ ಇಲ್ವಂತೆ ಕಣೇ ಲೊರೆಥಾ!”

“ಅಯ್ಯೋ, ತೆಗೆದು ಹಾಕಿಬಿಟ್ರಾ?”

“ಥೂ ಹುಚ್ಚಿ! ಐದು ಪ್ರತೀನೂ ಜನ ಒಯ್ದಿದ್ದಾರೆ. ಇನ್ನೂ ಮೂವತ್ತೇಳು ಮಂದಿ ಕಾಯ್ತಿದ್ದಾರೆ!”

“ಕಪ್ಪು ಅಜ್ಜಿ ಕಥೆ ಯಾರು ಓದ್ತಾರೆ ಅಂತ ಹನ್ನೊಂದು ಪ್ರಕಾಶಕರು ವಾಪಸ್ ಕಳಿಸಿದ್ರಲ್ಲಕ್ಕಾ!”

“ಅಜ್ಜಿ ಬದಲು ಬಿಳೀ ಟೀಚರಮ್ಮನ್ನ ಹಾಕು ಅಂದಿದ್ನಲ್ಲ ಒಬ್ಬ?”

“ಹಾಕಿದ್ರೆ ನಮ್ಮಜ್ಜಿ ಗೋರಿಯಿಂದೆದ್ದು ಬಂದು ಕಿವಿ ಹಿಂಡ್ತಿದ್ಳು!”

“ನಾನೂ ಹೆಸರು ಬರೆಸಿ ಬಂದೆ. ಮೂವತ್ತೆಂಟನೆಯವಳು.”

“ನಿನ್ನ ಹತ್ರ ಮೂರು ಪ್ರತಿ ಇದ್ಯಲ್ಲಕ್ಕಾ!”

“ಇರ್ಲಿ ಬಿಡೇ, ಪಟ್ಟಿ ಉದ್ದ ಆಗ್ಲಿ.”

ಬಸ್ಸು ಬಂತು. ಅಕ್ಕತಂಗಿಯರು ಹತ್ತಿದರು. ಬಾಗಿಲು ಮುಚ್ಚುವಷ್ಟರಲ್ಲಿ ಲೊರೆಥಾ ಗುರುತೇ ಇಲ್ಲದ ವರ್ಲೀನ್‌ಳತ್ತ ತಿರುಗಿ ಕೂಗಿದಳು: “ನಾನೇ ಕಣ್ರೀ ಬರೆದಿದ್ದು, ನಾನೇ!”